ಮೊಂಟಾನಾ ಬೆಟ್ಟಗಳಲ್ಲಿ ವಸಂತದ ಕಪ್ಪು ಕರಡಿ ಬೇಟೆ: ಗೈಡ್ ಇಲ್ಲದೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ ಬೇಟೆ ಕಲಿಯಲು ಹೊರಟ ನಮ್ಮವರು ಫೋನಿನಲ್ಲಿ, ಪತ್ರದಲ್ಲಿ, ಮನೆಗೆ ಊಟಕ್ಕೆ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಉತ್ತರಗಳು ಮುಖ್ಯವಾಗಿ ಪಶ್ಚಿಮ ಮೊಂಟಾನಾಕ್ಕೆ ಸಂಬಂಧಿಸಿದವು. ನಿಯಮಗಳು ವರ್ಷವರ್ಷ ಬದಲಾಗುತ್ತವೆ. ಆಯಾ ವರ್ಷದ ಕಪ್ಪು ಕರಡಿ ನಿಯಮ ಪುಸ್ತಕವನ್ನು ರಾಜ್ಯದ ವನ್ಯಜೀವಿ ಇಲಾಖೆ, ಅಂದರೆ ಮೊಂಟಾನಾ ಫಿಶ್, ವೈಲ್ಡ್‌ಲೈಫ್ ಅಂಡ್ ಪಾರ್ಕ್ಸ್, ಹೊರತರುತ್ತದೆ. ಕೊನೆಯ ಮಾತು ಅದರದೇ.

## ಮೊದಲ ಸಂಶಯಗಳು

ಕರಡಿ ಹೊಡೆಯೋದು ಅಲ್ಲಿ ಕಾನೂನುಬದ್ಧವೇ? ನಮ್ಮ ಕಡೆ ಜೈಲಲ್ವಾ?

ನಮ್ಮ ಕಡೆ ಖಂಡಿತ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕರಡಿಗೆ ಅತ್ಯುನ್ನತ ರಕ್ಷಣೆ ಇದೆ, ಇರಲೂಬೇಕು. ದರೋಜಿಯ ಬಂಡೆಗಳ ಮೇಲೆ ಸಂಜೆ ಇಳಿದು ಬರುವ ಆ ಕರಡಿ ಬೇರೆ ಜಾತಿಯದು, ಅದರ ಸಂಖ್ಯೆಯೂ ಕಡಿಮೆ. ಅಮೆರಿಕದ ಕಪ್ಪು ಕರಡಿ ಜಗತ್ತಿನ ಕರಡಿಗಳಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಜಾತಿ. ಎಲ್ಲಿ, ಎಂದಿನಿಂದ ಎಂದಿನವರೆಗೆ ಬೇಟೆಯಾಡಬಹುದು ಎಂಬುದನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ.

ಎಲ್ಲ ರಾಜ್ಯಗಳೂ ವಸಂತದ ಬೇಟೆಯನ್ನು ಒಪ್ಪುವುದಿಲ್ಲ. ಕೊಲೊರಾಡೊದ ಮತದಾರರು 1992ರಲ್ಲೇ ಅದನ್ನು ನಿಲ್ಲಿಸಿದರು. ವಾಷಿಂಗ್ಟನ್ ರಾಜ್ಯದ ಆಯೋಗ 2022ರಲ್ಲಿ ನಿಲ್ಲಿಸಿತು. ಮೊಂಟಾನಾ, ಐಡಾಹೊಗಳಲ್ಲಿ ಮುಂದುವರಿದಿದೆ. ಐಡಾಹೊದ ಹಲವು ಕಡೆ ಆಹಾರ ಇಟ್ಟು ಕರಡಿಯನ್ನು ಸೆಳೆಯಲು ಅನುಮತಿ ಇದೆ, ಮೊಂಟಾನಾದಲ್ಲಿ ಅದು ಅಪರಾಧ. ಗಡಿ ದಾಟಿದ ಕೂಡಲೇ ನಿಯಮ ಬದಲಾಗುತ್ತದೆ ಎಂಬುದು ನೆನಪಿರಲಿ.

ವಸಂತದಲ್ಲೇ ಯಾಕೆ? ಮರಿಗಳಿರೋ ಕಾಲ ಅಲ್ವಾ ಅದು?

ಕೇಳಲೇಬೇಕಾದ ಪ್ರಶ್ನೆ. ಮರಿಗಳು ಹುಟ್ಟುವುದು ನಡು ಚಳಿಗಾಲದಲ್ಲಿ, ಗುಹೆಯೊಳಗೆ. ಅಲ್ಲಿಯ ಕರಡಿಗಳು ಚಳಿಗಾಲವೆಲ್ಲ ಗುಹೆಯಲ್ಲಿ ಮಲಗಿರುತ್ತವೆ. ಹಿಮ ಕರಗುವಾಗ ಮೊದಲು ಹೊರಬೀಳುವವು ದೊಡ್ಡ ಗಂಡುಗಳು. ಆಮೇಲೆ ಒಂಟಿ ಹೆಣ್ಣುಗಳು. ಹೊಸ ಮರಿಗಳ ತಾಯಿ ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ಹಾಗಾಗಿ ಸೀಸನ್ನಿನ ಮೊದಲ ಭಾಗದಲ್ಲಿ ಇಳಿಜಾರಿನಲ್ಲಿ ಕಾಣುವವುಗಳಲ್ಲಿ ಗಂಡಿನ ಪಾಲು ಹೆಚ್ಚು. ಮರಿಯನ್ನಾಗಲಿ, ಮರಿಗಳ ಜೊತೆಗಿರುವ ತಾಯಿಯನ್ನಾಗಲಿ ಹೊಡೆಯುವುದು ಅಪರಾಧ.

ಆದರೆ ಕಾನೂನು ಅಷ್ಟು ಹೇಳಿದರೆ ನಮ್ಮ ಹೊಣೆ ಮುಗಿಯಲಿಲ್ಲ. ತಾಯಿ ಮರಿಗಳನ್ನು ಮರ ಹತ್ತಿಸಿ ಒಬ್ಬಳೇ ಮೇಯುತ್ತಿರಬಹುದು. ಒಂಟಿಯಾಗಿ ಕಂಡದ್ದೆಲ್ಲ ಒಂಟಿಯಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಕನಿಷ್ಠ ಅರ್ಧ ಗಂಟೆ ನೋಡಿ. ಅದು ಆಗಾಗ ತಲೆಯೆತ್ತಿ ಒಂದೇ ಮರದ ಕಡೆ ನೋಡುತ್ತಿದೆಯಾ, ಸುತ್ತಿನ ಪೊದೆಯಲ್ಲಿ ಬೆಕ್ಕಿನಷ್ಟು ಗಾತ್ರದ ಕಪ್ಪು ಏನಾದರೂ ಅಲುಗಾಡುತ್ತಿದೆಯಾ? ಆ ಅರ್ಧ ಗಂಟೆಯಲ್ಲಿ ಕರಡಿ ಕಾಡೊಳಗೆ ಹೋಗಿಬಿಟ್ಟರೆ ಹೋಗಲಿ.

ಗೈಡ್ ಇಲ್ಲದೆ ಹೊಸಬನ ಕೈಲಿ ಆಗುತ್ತಾ?

ಆಗುತ್ತದೆ. ಲೈಸೆನ್ಸ್‌ಗೆ ಲಾಟರಿ ಇಲ್ಲ, ನೇರವಾಗಿ ಕೊಳ್ಳಬಹುದು. ಕೂಟನೈ, ಲೋಲೊ, ಬಿಟರೂಟ್, ಫ್ಲ್ಯಾಟ್‌ಹೆಡ್ ರಾಷ್ಟ್ರೀಯ ಅರಣ್ಯಗಳು ಸಾರ್ವಜನಿಕರವು. ಗ್ಲೇಸಿಯರ್, ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಗಳ ಒಳಗೆ ಮಾತ್ರ ಬೇಟೆ ಇಲ್ಲ. ಬರಿಗೈಲಿ ವಾಪಸ್ಸಾಗುವವರೇ ಹೆಚ್ಚು ಎಂದು ತಿಳಿದೇ ಹೊರಡಿ.

## ಕಾಗದಪತ್ರ

ನಾನು ಕೊಡಗಿನವನು. ಕೋವಿ ಚಿಕ್ಕಂದಿನಿಂದ ಗೊತ್ತು. ಮತ್ತೆ ಪರೀಕ್ಷೆ ಯಾಕೆ?

ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಆಯುಧದ ಶಿಸ್ತು ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೊಂಟಾನಾದಲ್ಲಿ 1985ರ ಜನವರಿ 1ರ ನಂತರ ಹುಟ್ಟಿದವರೆಲ್ಲ ಬೇಟೆಗಾರರ ತರಬೇತಿ ಮುಗಿಸಿದ ಪ್ರಮಾಣಪತ್ರ ತೋರಿಸಬೇಕು. ಬೇರೆ ರಾಜ್ಯದ ಪ್ರಮಾಣಪತ್ರವೂ ನಡೆಯುತ್ತದೆ. ಅದಲ್ಲದೆ ಕರಡಿ ಲೈಸೆನ್ಸ್ ಕೊಳ್ಳಲು ಇನ್ನೊಂದು ಪರೀಕ್ಷೆ ಪಾಸಾಗಬೇಕು: ಗ್ರಿಜ್ಲಿಗೂ (ಅದೇ ಬೆಟ್ಟಗಳಲ್ಲಿರುವ, ಹೊಡೆಯಬಾರದ ಇನ್ನೊಂದು ಜಾತಿಯ ಕರಡಿ) ಕಪ್ಪು ಕರಡಿಗೂ ಇರುವ ವ್ಯತ್ಯಾಸ ಗುರುತಿಸುವುದು. ಆನ್‌ಲೈನ್‌ನಲ್ಲಿ ಉಚಿತ. ಪಾಸಾದ ಮೇಲೂ ಪ್ರತಿ ವರ್ಷ ಹೊರಡುವ ಮುನ್ನ ಇನ್ನೊಮ್ಮೆ ಬರೆಯಿರಿ. ಕಣ್ಣಿನ ಅಭ್ಯಾಸ ತಪ್ಪಿಹೋಗುತ್ತದೆ.

ನನ್ನದು ಎಚ್-1ಬಿ ವೀಸಾ. ರೈಫಲ್ ಮುಟ್ಟಬಹುದಾ?

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ, ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಎಚ್-1ಬಿ, ಎಫ್-1, ಎಲ್-1 ಎಲ್ಲ ಇದರಲ್ಲಿ ಬರುತ್ತವೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಮುಖ್ಯವಾದದ್ದು: ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ಈ ನಿಷೇಧದ ವ್ಯಾಪ್ತಿಯಲ್ಲೇ ಇಲ್ಲ.

ಅಂದರೆ ಕ್ರಮ ಹೀಗೆ: ಮೊದಲು ತರಬೇತಿ, ಆಮೇಲೆ ಲೈಸೆನ್ಸ್, ಅದು ಕೈಗೆ ಬಂದ ಮೇಲೆ ರೈಫಲ್. ಲೈಸೆನ್ಸ್ ಅವಧಿ ಮುಗಿದ ಮರುದಿನ ಮನೆಯ ಕಪಾಟಿನಲ್ಲಿರುವ ರೈಫಲ್ ನಿಮ್ಮ ಮೇಲಿನ ಕ್ರಿಮಿನಲ್ ಪ್ರಕರಣವಾಗಬಹುದು, ಅದರ ಹಿಂದೆ ವೀಸಾವೂ ಹೋಗಬಹುದು. ಸ್ನೇಹಿತರ ಬಂದೂಕು ಹಿಡಿದು ಅಭ್ಯಾಸ ಮಾಡುವುದಕ್ಕೂ ಇದೇ ಮಾತು. ಒಮ್ಮೆ ವಲಸೆ ವಕೀಲರ ಹತ್ತಿರ ಕೇಳಿಕೊಳ್ಳಿ. ಇಡೀ ಪ್ರವಾಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಲೈಸೆನ್ಸ್ ಯಾವಾಗ ತಗೋಬೇಕು? ಯಾವ ಜಾಗಕ್ಕೆ?

ಸೀಸನ್ ತೆರೆಯುವ ಮೊದಲೇ ತೆಗೆದುಕೊಳ್ಳಿ. ಹೊರರಾಜ್ಯದವರ ಶುಲ್ಕ ಸ್ಥಳೀಯರದಕ್ಕಿಂತ ಹಲವು ಪಟ್ಟು. ಮೊಂಟಾನಾವನ್ನು ಕರಡಿ ನಿರ್ವಹಣಾ ಘಟಕಗಳಾಗಿ ಹಂಚಿದ್ದಾರೆ. ಸೀಸನ್ ಸಾಮಾನ್ಯವಾಗಿ ಏಪ್ರಿಲ್ 15ಕ್ಕೆ ತೆರೆಯುತ್ತದೆ, ಮುಚ್ಚುವುದು ಕೆಲವು ಘಟಕಗಳಲ್ಲಿ ಮೇ 31ಕ್ಕೆ, ಕೆಲವದರಲ್ಲಿ ಜೂನ್ 15ಕ್ಕೆ. ಕೆಲವು ಘಟಕಗಳಲ್ಲಿ ಹೆಣ್ಣು ಕರಡಿಗಳಿಗೆ ಮಿತಿ ಇದೆ. ಆ ಮಿತಿ ಮುಟ್ಟಿದರೆ ತಾರೀಕಿಗೆ ಮೊದಲೇ ಬಾಗಿಲು ಹಾಕುತ್ತಾರೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

## ಕಾಲ ಮತ್ತು ಜಾಗ

ಇಷ್ಟು ದೊಡ್ಡ ಕಾಡಲ್ಲಿ ಎಲ್ಲಿಂದ ಶುರು ಮಾಡೋದು?

ಹಸಿರಿನಿಂದ. ಗುಹೆಯಿಂದ ಎದ್ದ ಕರಡಿಗೆ ಮೊದಲ ವಾರಗಳಲ್ಲಿ ಹುಲ್ಲೇ ಆಹಾರ. ಎಳೆ ಹುಲ್ಲು, ಕ್ಲೋವರ್, ದಂಡೇಲಿಯನ್, ಹಿಮದ ಅಂಚಿನಲ್ಲಿ ಅರಳುವ ಹಳದಿ ಗ್ಲೇಸಿಯರ್ ಲಿಲಿ. ಚಳಿಗೆ ಸತ್ತ ಎಲ್ಕ್, ಜಿಂಕೆಗಳ ಹೆಣ ಸಿಕ್ಕರೆ ಅದೂ. ಹಿಮ ಕರಗಿದ ಹಾಗೆ ಹಸಿರು ಮೇಲೆ ಹತ್ತುತ್ತದೆ, ಹಸಿರಿನ ಹಿಂದೆ ಕರಡಿ ಹತ್ತುತ್ತದೆ.

ಹಾಗಾಗಿ ನಕ್ಷೆಯಲ್ಲಿ ದಕ್ಷಿಣಕ್ಕೂ ನೈಋತ್ಯಕ್ಕೂ ಮುಖ ಮಾಡಿದ ಇಳಿಜಾರುಗಳನ್ನು ಗುರುತು ಹಾಕಿ. ಉತ್ತರದ ಮುಖದಲ್ಲಿ ಇನ್ನೂ ಸೊಂಟದವರೆಗೆ ಹಿಮ ಇರುವಾಗ ಎದುರಿನ ದಕ್ಷಿಣದ ಮುಖ ಹಸಿರಾಗಿರುತ್ತದೆ. ಅವುಗಳಲ್ಲಿ ಎರಡು ಬಗೆಯ ಜಾಗ ಮುಖ್ಯ. ಒಂದು, ಹಿಮಕುಸಿತ ಮರಗಳನ್ನೆಲ್ಲ ಬಳಿದುಕೊಂಡು ಹೋದ ಉದ್ದನೆಯ ಪಟ್ಟೆಗಳು. ಉಪಗ್ರಹ ಚಿತ್ರದಲ್ಲಿ ಕಡು ಕಾಡಿನ ನಡುವೆ ತಿಳಿಹಸಿರು ಗೆರೆಯಾಗಿ ಕಾಣುತ್ತವೆ. ಇನ್ನೊಂದು, ಮುಚ್ಚಿದ ಹಳೆಯ ನಾಟಾ ರಸ್ತೆಗಳು. ಮಣ್ಣು ಕೊಚ್ಚಿಹೋಗದಿರಲೆಂದು ಎಷ್ಟೋ ಕಡೆ ಅಲ್ಲಿ ಹುಲ್ಲು, ಕ್ಲೋವರ್ ಬಿತ್ತಿದ್ದಾರೆ, ಕರಡಿಗೆ ಅದು ಹಾಸಿಟ್ಟ ಊಟ.

ರಸ್ತೆಯಲ್ಲಿ ನಡೆಯುತ್ತಾ ನೆಲ ನೋಡಿ. ಹುಲ್ಲು ಮೇಯುವ ಕರಡಿಯ ಮಲ ದಪ್ಪವಾಗಿ, ಕಡುಹಸಿರಾಗಿ, ನಾರುನಾರಾಗಿ ಇರುತ್ತದೆ. ಗಾಳಿಗೆ ಒಣಗಿದ ಹಾಗೆ ಕಪ್ಪಗಾಗುತ್ತದೆ. ಕೋಲಿನಿಂದ ಬಿಡಿಸಿದಾಗ ಒಳಗೆ ಇನ್ನೂ ಹಸಿರು, ತೇವ ಇದ್ದರೆ ಕರಡಿ ಹತ್ತಿರದಲ್ಲೇ ಇದೆ. ಪಕ್ಕದಲ್ಲಿ ದಂಡೇಲಿಯನ್ ತೊಟ್ಟುಗಳು ಹೂವಿಲ್ಲದೆ ನಿಂತಿರುತ್ತವೆ, ತಲೆಯಷ್ಟನ್ನೇ ಕಚ್ಚಿಕೊಂಡು ಹೋಗಿರುತ್ತದೆ. ಕೊಳೆತ ದಿಮ್ಮಿಯನ್ನು ಇರುವೆಗಾಗಿ ಮಗುಚಿದ್ದರೆ ಅಡಿಯ ಮಣ್ಣಿನ ಬಣ್ಣ ನೋಡಿ. ಇನ್ನೂ ಕಪ್ಪಾಗಿ ಹಸಿಯಿದ್ದರೆ ಇವತ್ತಿನದು.

ಏಪ್ರಿಲ್‌ನಲ್ಲಿ ಹೋಗಲೋ, ಮೇ ಕೊನೆಗೋ?

ಒಂದೇ ವಾರ ರಜೆ ಇದ್ದರೆ ಮೇ ಎರಡನೇ ಅರ್ಧ ಎನ್ನುತ್ತೇನೆ. ಏಪ್ರಿಲ್‌ನಲ್ಲಿ ತೊಗಲು ಚೆನ್ನಾಗಿರುತ್ತದೆ, ಆದರೆ ಹೊರಬಿದ್ದ ಕರಡಿಗಳು ಕಡಿಮೆ, ಎತ್ತರದ ರಸ್ತೆಗಳಲ್ಲಿ ಹಿಮ. ಮೇ ಕೊನೆಗೆ ಬೆದೆ ಶುರುವಾಗಿ ಗಂಡುಗಳು ಹಗಲೇ ಓಡಾಡುತ್ತವೆ. ಜೂನ್ ಹೊತ್ತಿಗೆ ಮರಕ್ಕೆ ಮೈ ಉಜ್ಜಿ ಉಜ್ಜಿ ಕೂದಲು ಹೋಗಿರುವುದುಂಟು, ಪೊದೆಗಳು ಎಲೆ ಬಿಟ್ಟು ಕರಡಿಯನ್ನು ಮರೆಮಾಡುತ್ತವೆ. ತಾರೀಕಿಗಿಂತ ಆ ವರ್ಷ ಹಿಮದ ಗೆರೆ ಎಲ್ಲಿದೆ ಎಂಬುದು ಮುಖ್ಯ.

ರಸ್ತೆಗೆ ಗೇಟ್ ಹಾಕಿರ್ತಾರೆ. ಇ-ಬೈಕ್‌ನಲ್ಲಿ ಹೋಗಬಹುದಾ?

ಬೇಡ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಇ-ಬೈಕ್ ಮೋಟಾರು ವಾಹನ. ಕಾಲಿನಿಂದ ತುಳಿಯುವ ಸೈಕಲ್ ಎಷ್ಟೋ ಗೇಟ್‌ಗಳ ಆಚೆ ನಡೆಯುತ್ತದೆ, ಆದರೆ ಬಾಬ್ ಮಾರ್ಷಲ್, ಸೆಲ್ವೇ-ಬಿಟರೂಟ್‌ನಂಥ ವೈಲ್ಡರ್‌ನೆಸ್ ಪ್ರದೇಶಗಳಲ್ಲಿ, ಅಂದರೆ ಕಾನೂನು ಕಾಡಾಗಿಯೇ ಉಳಿಸಿದ ಜಾಗಗಳಲ್ಲಿ, ಅದೂ ಇಲ್ಲ. ಮೋಟಾರು ವಾಹನ ಬಳಕೆಯ ನಕ್ಷೆ ಅರಣ್ಯ ಇಲಾಖೆಯಿಂದ ಉಚಿತವಾಗಿ ಸಿಗುತ್ತದೆ. ಫೋನಿಗೆ ಇಳಿಸಿಕೊಂಡೇ ಹೋಗಿ, ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ.

## ಬೆಟ್ಟದ ಮೇಲೆ

ದಿನವಿಡೀ ನಡೀಬೇಕಾ?

ಕೂರಬೇಕು. ಕಣಿವೆಯ ಈಚೆ ಬದಿಯಲ್ಲಿ ಕೂತು ಆಚೆಯ ಇಳಿಜಾರನ್ನು ಬೈನಾಕ್ಯುಲರ್‌ನಲ್ಲಿ ತುಂಡುತುಂಡಾಗಿ ನೋಡುವುದೇ ಈ ಬೇಟೆ. 10x42 (ಹತ್ತು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರನ್ನು ಟ್ರೈಪಾಡ್ ಮೇಲೆ ಕೂರಿಸಿದರೆ ಕೈಯಲ್ಲಿ ಹಿಡಿದಾಗ ಕಾಣದ್ದು ಕಾಣತೊಡಗುತ್ತದೆ. ದುಡ್ಡು ಕಡಿಮೆ ಇದ್ದರೆ ರೈಫಲ್ಲಿಗಿಂತ ಗಾಜಿಗೆ ಹೆಚ್ಚು ಹಾಕಿ. ಜಾತಿ ತೀರ್ಮಾನಿಸಲು ಸ್ಪಾಟಿಂಗ್ ಸ್ಕೋಪ್, ಅಂದರೆ ಇನ್ನೂ ಹೆಚ್ಚು ಹಿಗ್ಗಿಸುವ ಒಂಟಿ ದುರ್ಬೀನು, ಬೇಕೇ ಬೇಕು.

ಒಮ್ಮೆ ನೋಡಿದ ಜಾಗವನ್ನೇ ಮತ್ತೆ ನೋಡಿ. ಸುಟ್ಟ ಬೊಡ್ಡೆ ಎಂದು ಬಿಟ್ಟುಬಂದದ್ದು ಹತ್ತು ನಿಮಿಷದ ಮೇಲೆ ಎರಡು ಮಾರು ಪಕ್ಕಕ್ಕೆ ಸರಿದಿರುತ್ತದೆ! ಬೆಳಿಗ್ಗೆಯೂ ಕಾಣುತ್ತವೆ, ಆದರೆ ವಸಂತದ ಕರಡಿ ಹೆಚ್ಚಾಗಿ ಸಂಜೆಯ ಕೊನೆಯ ಮೂರು ಗಂಟೆಗಳದು. ಹತ್ತಿರ ಹೋಗುವಾಗ ಗಾಳಿ ನೋಡಿ. ಬಿಸಿಲಿರುವಾಗ ಗಾಳಿ ಇಳಿಜಾರಿನ ಮೇಲಕ್ಕೆ ಬೀಸುತ್ತದೆ, ನೆರಳು ಬಿದ್ದ ಕೂಡಲೇ ಕೆಳಗೆ ತಿರುಗುತ್ತದೆ. ಕರಡಿಯ ಕಣ್ಣನ್ನು ತಪ್ಪಿಸಬಹುದು, ಮೂಗನ್ನು ತಪ್ಪಿಸಲಾಗದು.

ಗ್ರಿಜ್ಲಿಯೋ ಕಪ್ಪು ಕರಡಿಯೋ ದೂರದಿಂದ ಹೇಗೆ ಹೇಳೋದು?

ಬಣ್ಣ ನೋಡಿ ಹೇಳಬೇಡಿ. ಕಪ್ಪು ಕರಡಿ ಕಪ್ಪಗೇ ಇರಬೇಕೆಂದಿಲ್ಲ. ಕಂದು, ದಾಲ್ಚಿನ್ನಿ, ಗೋಧಿ ಬಣ್ಣದವು ಪಶ್ಚಿಮದಲ್ಲಿ ಧಾರಾಳ. ಕಡುಬಣ್ಣದ ಗ್ರಿಜ್ಲಿಗಳೂ ಇವೆ. ಗಾತ್ರವನ್ನೂ ನಂಬಬೇಡಿ, ಎಳೆಯ ಗ್ರಿಜ್ಲಿ ದೊಡ್ಡ ಕಪ್ಪು ಕರಡಿಗಿಂತ ಚಿಕ್ಕದಿರುತ್ತದೆ.

ಗ್ರಿಜ್ಲಿಯ ಭುಜದ ಮೇಲೆ ಮಾಂಸಖಂಡದ ಉಬ್ಬು ಎದ್ದಿರುತ್ತದೆ, ನಿಂತಾಗ ಬೆನ್ನಿನಲ್ಲಿ ಅದೇ ಎತ್ತರದ ಜಾಗ. ಕಪ್ಪು ಕರಡಿಯಲ್ಲಿ ಸಾಮಾನ್ಯವಾಗಿ ಸೊಂಟದ ಭಾಗ ಎತ್ತರ. ಪಕ್ಕದಿಂದ ನೋಡಿದರೆ ಗ್ರಿಜ್ಲಿಯ ಮುಖ ಕಣ್ಣಿನ ಕೆಳಗೆ ತಟ್ಟೆಯಂತೆ ತಗ್ಗಿರುತ್ತದೆ, ಕಪ್ಪು ಕರಡಿಯದು ಹಣೆಯಿಂದ ಮೂಗಿನವರೆಗೆ ಹೆಚ್ಚೂಕಡಿಮೆ ನೇರ ಗೆರೆ. ಗ್ರಿಜ್ಲಿಯ ಕಿವಿ ಮೋಟು, ದುಂಡು, ಇದರದು ಉದ್ದ. ಗ್ರಿಜ್ಲಿಯ ಮುಂಗಾಲಿನ ಉಗುರು ಎರಡರಿಂದ ನಾಲ್ಕು ಇಂಚು, ಹಲವು ಸಲ ತಿಳಿಬಣ್ಣದ್ದು, ಕೆಸರಿನಲ್ಲಿ ಬೆರಳಿನ ಗುರುತಿನಿಂದ ಬಹಳ ಮುಂದೆ ಊರಿರುತ್ತದೆ. ಕಪ್ಪು ಕರಡಿಯದು ಚಿಕ್ಕದು, ಬಾಗಿದ್ದು, ಹೆಜ್ಜೆಗೆ ಹತ್ತಿರ.

ಇವುಗಳಲ್ಲಿ ಒಂದೇ ಲಕ್ಷಣ ನೋಡಿ ತೀರ್ಮಾನಿಸಬಾರದು. ತಲೆ ತಗ್ಗಿಸಿ ಮೇಯುವ ಕಪ್ಪು ಕರಡಿಗೂ ಭುಜ ಉಬ್ಬಿದಂತೆ ಕಾಣುತ್ತದೆ. ಪಕ್ಕಕ್ಕೆ ತಿರುಗುವವರೆಗೆ, ತಲೆ ಎತ್ತುವವರೆಗೆ, ನಾಲ್ಕು ಹೆಜ್ಜೆ ನಡೆಯುವವರೆಗೆ ಕಾಯಿರಿ. ಅಲಾಸ್ಕ ಬಿಟ್ಟು ಕೆಳಗಿನ 48 ರಾಜ್ಯಗಳಲ್ಲಿ ಗ್ರಿಜ್ಲಿಗೆ 1975ರಲ್ಲಿ ಅಪಾಯದಂಚಿನ ಜೀವಿಗಳ ಕಾಯ್ದೆಯಡಿ ರಕ್ಷಣೆ ಸಿಕ್ಕಿತು. ಆ ಕಾಯ್ದೆಯಲ್ಲಿ 50,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆ ಇದೆ. ದಂಡದ ಮಾತು ಆಮೇಲೆ. ಗ್ರಿಜ್ಲಿ ಬಹಳ ನಿಧಾನವಾಗಿ ಮರಿ ಹಾಕುವ ಪ್ರಾಣಿ, ಒಂದು ಹೆಣ್ಣು ಹೋದರೆ ಆ ಕಣಿವೆಗೆ ಆಗುವ ನಷ್ಟವನ್ನು ಯಾವ ದಂಡವೂ ತುಂಬಲಾರದು. ಒಂದೆಳೆ ಅನುಮಾನ ಉಳಿದರೂ ರೈಫಲ್ ಕೆಳಗಿಡಿ.

ಗಂಡು ಹೆಣ್ಣು ಗೊತ್ತಾಗುತ್ತಾ?

ಅಭ್ಯಾಸವಾದ ಮೇಲೆ, ಎಷ್ಟೋ ಸಲ. ದೊಡ್ಡ ಗಂಡಿನ ತಲೆ ಅಗಲವಾಗಿದ್ದು ಕಿವಿಗಳು ಚಿಕ್ಕದಾಗಿ, ಒಂದಕ್ಕೊಂದು ದೂರದಲ್ಲಿ ಅಂಟಿಸಿದಂತೆ ಕಾಣುತ್ತವೆ. ಹೆಣ್ಣಿನ ಮೂತಿ ಸಪೂರ, ಕಿವಿ ದೊಡ್ಡದಾಗಿ ಕಾಣುತ್ತದೆ. ಬೆದೆಯ ಕಾಲದಲ್ಲಿ ಜೋಡಿ ಕಂಡರೆ ಹಿಂದೆ ಬರುತ್ತಿರುವುದು ಸಾಮಾನ್ಯವಾಗಿ ಗಂಡು.

ಎಷ್ಟು ದೂರದಿಂದ, ಎಲ್ಲಿಗೆ ಹೊಡೀಬೇಕು?

ರೇಂಜಿನಲ್ಲಿ ಬೆಂಚಿನ ಮೇಲೆ ಹೊಡೆದ ದೂರ ಲೆಕ್ಕಕ್ಕಿಲ್ಲ. ಬೆನ್ನುಚೀಲದ ಮೇಲೆ ರೈಫಲ್ ಇಟ್ಟು, ಏರು ಹತ್ತಿ ಏದುಸಿರು ಬಿಡುತ್ತಾ, ತಟ್ಟೆಯ ಗಾತ್ರದ ಗುರಿಗೆ ಪ್ರತಿ ಸಲವೂ ತಾಗಿಸಬಲ್ಲ ದೂರವೇ ನಿಮ್ಮ ಮಿತಿ. ಹೆಚ್ಚಿನವರಿಗೆ ಅದು 200 ಗಜದ ಆಸುಪಾಸು. ರೈಫಲ್ಲಿನ ತೋಟಾ .270, .308, .30-06 ಯಾವುದಾದರೂ ಸಾಕು.

ಕರಡಿ ಪೂರ್ತಿ ಪಕ್ಕಕ್ಕೆ ನಿಂತು ನಮ್ಮ ಕಡೆಯ ಮುಂಗಾಲನ್ನು ಮುಂದಿಟ್ಟಾಗ, ಭುಜದ ಹಿಂದೆ, ದೇಹದ ಎತ್ತರದ ನಡುವಿಗೆ. ಹೊಟ್ಟೆಯ ಕೆಳಗಿನ ಉದ್ದ ಕೂದಲು ದೇಹವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ, ಅದಕ್ಕೇ ಬಹಳ ಜನ ಕೆಳಗೆ ಹೊಡೆಯುತ್ತಾರೆ. ದಪ್ಪ ಕೂದಲು, ಕೊಬ್ಬು ರಕ್ತವನ್ನು ಹೀರಿಕೊಳ್ಳುವುದರಿಂದ ನೆತ್ತರಿನ ಜಾಡು ಬಹಳ ಸಲ ಸಿಗುವುದೇ ಇಲ್ಲ. ಹಾಗಾಗಿ ಈಡಿಗೆ ಮೊದಲೇ ಕರಡಿ ನಿಂತ ಜಾಗದ ಫೋಟೊ ತೆಗೆದು ಬೊಡ್ಡೆ, ಬಂಡೆಗಳ ಗುರುತು ಮಾಡಿಕೊಳ್ಳಿ. ಕಣಿವೆ ದಾಟಿ ಆಚೆ ಹೋದಾಗ ಇಡೀ ಇಳಿಜಾರು ಬೇರೆಯದೇ ಆಗಿ ಕಾಣುತ್ತದೆ. ಒಬ್ಬರು ಈಚೆಯೇ ಕೂತು ಕೈಸನ್ನೆಯಲ್ಲಿ ದಾರಿ ತೋರಿಸಿದರೆ ಇನ್ನೂ ಒಳ್ಳೆಯದು. ಆಚೆ ಹೋಗಲು ದಾರಿಯೇ ಇಲ್ಲವೆಂದರೆ, ಕತ್ತಲಾಗಲು ಇಪ್ಪತ್ತೇ ನಿಮಿಷ ಉಳಿದಿದೆಯೆಂದರೆ, ಆ ಈಡು ಬೇಡ.

ಬೆಟ್ಟದಲ್ಲಿ ನಿಜವಾದ ಅಪಾಯ ಕರಡಿಯೇನಾ?

ನೀರು. ಬೆಳಿಗ್ಗೆ ಮೊಣಕಾಲುದ್ದ ದಾಟಿದ ಹಳ್ಳ, ದಿನವೆಲ್ಲ ಹಿಮ ಕರಗಿ ಸಂಜೆಗೆ ಸೊಂಟ ಮುಟ್ಟುತ್ತದೆ. ನೀರು ಕಡಿಮೆ ಇರುವುದು ನಸುಕಿನಲ್ಲಿ. ವಾಪಸ್ ಬರುವ ದಾರಿಯನ್ನು ಅದರ ಮೇಲೆ ಲೆಕ್ಕ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಕಡಿದಾದ ಇಳಿಜಾರಿನ ಒದ್ದೆ ಹಿಮ ಜಾರುತ್ತದೆ. ಮೇ ತಿಂಗಳಲ್ಲೂ ಒಂದೇ ಸಂಜೆ ಮಳೆ, ಆಲಿಕಲ್ಲು, ಹಿಮ ಮೂರೂ ಬೀಳುವುದುಂಟು, ಹತ್ತಿಬಟ್ಟೆ ಬೇಡ.

ಉಣುಗಿನ ಬಗ್ಗೆ ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿಯ ಉಣುಗಿನಿಂದ ಬರುವ ರಾಕಿ ಮೌಂಟನ್ ಸ್ಪಾಟೆಡ್ ಜ್ವರ ಬಿಟರೂಟ್ ಕಣಿವೆಯಲ್ಲಿ ಒಂದು ಕಾಲಕ್ಕೆ ಎಷ್ಟು ಜನರನ್ನು ಕೊಂದಿತೆಂದರೆ, ಅದರ ಅಧ್ಯಯನದಿಂದಲೇ ಹ್ಯಾಮಿಲ್ಟನ್ ಊರಿನ ಸರ್ಕಾರಿ ಪ್ರಯೋಗಾಲಯ ಬೆಳೆಯಿತು. ರಾತ್ರಿ ಮೈಯೆಲ್ಲ ನೋಡಿಕೊಳ್ಳಿ.

ಗ್ರಿಜ್ಲಿ ಇರುವ ಕಡೆ ಕರಡಿ ಸ್ಪ್ರೇ (ಮೈಮೇಲೆ ಬರುವ ಕರಡಿಯತ್ತ ಸಿಂಪಡಿಸುವ ಖಾರದ ದ್ರಾವಣ) ಸೊಂಟದಲ್ಲಿರಲಿ, ಚೀಲದೊಳಗಲ್ಲ. ಆಹಾರವನ್ನು ಡೇರೆಯಲ್ಲಿ ಇಡಬೇಡಿ. ಕರಡಿ ತೆರೆಯಲಾಗದ ಡಬ್ಬಿಯಲ್ಲಿ ಇಡಿ, ಇಲ್ಲವೇ ನೆಲದಿಂದ ಹತ್ತು ಅಡಿ ಎತ್ತರಕ್ಕೆ, ಬೊಡ್ಡೆಯಿಂದ ನಾಲ್ಕು ಅಡಿ ಆಚೆಗೆ ತೂಗುಹಾಕಿ.

## ಈಡಿನ ನಂತರ

ಸುಲಿದು ಹೊತ್ತು ತರೋದು ಒಬ್ಬನ ಕೈಲಿ ಆಗುತ್ತಾ?

ಆಗುತ್ತದೆ, ಎರಡು ಸುತ್ತಿನಲ್ಲಿ. ಆದರೂ ಇಬ್ಬರು ಹೋಗಿ. ಮೊದಲ ಕೆಲಸ ತೊಗಲು ಬಿಡಿಸುವುದು, ಅದರೊಳಗೆ ಶಾಖ ಕೂಡಿಕೊಂಡು ಮಾಂಸ ಬೇಗ ಕೆಡುತ್ತದೆ. ತೊಡೆ, ಮುಂಗಾಲು, ಬೆನ್ನಿನ ಮಾಂಸ, ಕುತ್ತಿಗೆಯನ್ನು ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹಾಕಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಕಾಲಿನ ಪಂಜ, ತಲೆ ಸೇರಿದ ತೊಗಲೇ ಒಂದು ಹೊರೆ. ಲಿಂಗದ ಗುರುತು ಉಳಿಯಬೇಕೆಂಬ ನಿಯಮ ಇದೆ, ಸುಲಿಯುವಾಗ ಮರೆಯಬೇಡಿ. ತಿನ್ನಲು ಬರುವ ಮಾಂಸವನ್ನು ಬಿಟ್ಟುಬರುವುದು ಮೊಂಟಾನಾದಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಬಿಟ್ಟುಬರಬಾರದು.

ಹೊಡೆದ 48 ಗಂಟೆಯೊಳಗೆ ಇಲಾಖೆಗೆ ವರದಿ ಮಾಡಬೇಕು. ಹಲ್ಲೋ, ತಲೆಬುರುಡೆ ಮತ್ತು ತೊಗಲೋ, ಏನನ್ನು ತೋರಿಸಬೇಕು ಎಂಬುದು ಆಯಾ ಪ್ರದೇಶದ ನಿಯಮದಲ್ಲಿದೆ. ಹಲ್ಲಿನಿಂದ ಕರಡಿಯ ವಯಸ್ಸು ತಿಳಿಯುತ್ತದೆ, ಮುಂದಿನ ವರ್ಷಗಳ ಮಿತಿ ನಿರ್ಧರಿಸಲು ಅದು ಬೇಕು.

ಕರಡಿ ಮಾಂಸದಲ್ಲಿ ಹುಳ ಇರುತ್ತಂತೆ. ಫ್ರೀಜರ್‌ನಲ್ಲಿಟ್ಟರೆ ಸಾಯುತ್ತಾ?

ಸಾಯುವುದಿಲ್ಲ ಎಂದೇ ತಿಳಿಯಿರಿ. ಟ್ರಿಕಿನೆಲ್ಲಾ ಎಂಬ ಹುಳದ ಮರಿಗಳು ಮಾಂಸಖಂಡದಲ್ಲಿ ಸುತ್ತಿಕೊಂಡಿರುತ್ತವೆ. ಉತ್ತರದ ಕರಡಿಗಳಲ್ಲಿರುವ ಜಾತಿಗಳು ಹಿಮಗಟ್ಟಿದರೂ ಬದುಕುತ್ತವೆ. 2022ರಲ್ಲಿ ಸೌತ್ ಡಕೋಟಾದಲ್ಲಿ ಒಂದು ಕುಟುಂಬ ಸೇರಿ ಕೆನಡಾದ ಸಸ್ಕಾಚುವಾನ್‌ನಿಂದ ತಂದ ಕರಡಿ ಮಾಂಸದ ಕಬಾಬ್ ಮಾಡಿತು. ಮಾಂಸ 45 ದಿನ ಫ್ರೀಜರ್‌ನಲ್ಲಿತ್ತು. ಬಣ್ಣ ಕಡುವಾಗಿದ್ದರಿಂದ ಬೆಂದಿಲ್ಲವೆಂದು ಮೊದಲು ಗೊತ್ತಾಗಲಿಲ್ಲ. ಆರು ಜನರಿಗೆ ಕಾಯಿಲೆ ಬಂತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲೇ ಇಲ್ಲ, ಅದರ ಜೊತೆ ಬೇಯಿಸಿದ ತರಕಾರಿಯನ್ನಷ್ಟೇ ತಿಂದಿದ್ದರು. ಒಂದೇ ಅಡುಗೆಮನೆಯಲ್ಲಿ ಸಸ್ಯಾಹಾರಿಗಳೂ ಉಣ್ಣುವ ನಮ್ಮ ಮನೆಗಳಿಗೆ ಇದು ಮುಖ್ಯ: ಬೇರೆ ಚಾಕು, ಬೇರೆ ಮಣೆ, ಬೇರೆ ಪಾತ್ರೆ.

ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್, ಅಂದರೆ 160 ಫ್ಯಾರನ್‌ಹೀಟ್ ಮುಟ್ಟಬೇಕು, ಥರ್ಮಾಮೀಟರ್ ಚುಚ್ಚಿಯೇ ನೋಡಬೇಕು. ನಮ್ಮ ಅಡುಗೆ ಇದಕ್ಕೆ ಹೇಳಿಮಾಡಿಸಿದ್ದು. ಸುಟ್ಟ ಸ್ಟೇಕ್ ಬಿಟ್ಟು, ಕಾಚಂಪುಳಿ ಹಾಕಿ ಪಂದಿ ಕರಿಯ ಹಾಗೆ ನಿಧಾನವಾಗಿ ಬೇಯಿಸಿ. ಗಟ್ಟಿ ಮಾಂಸ ಮೆತ್ತಗಾಗುತ್ತದೆ, ಹುಳದ ಭಯವೂ ಇರುವುದಿಲ್ಲ. ಹುಲ್ಲು ಮೇಯ್ದ ವಸಂತದ ಕರಡಿಯ ಮಾಂಸಕ್ಕೆ ಆ ಮಸಾಲೆ ಬಹಳ ಚೆನ್ನಾಗಿ ಹೊಂದುತ್ತದೆ.

ತೊಗಲು, ಉಗುರು ಊರಿಗೆ ತಗೊಂಡು ಬರಬಹುದಾ?

ತರಬೇಡಿ. ಅಮೆರಿಕದ ಕಪ್ಪು ಕರಡಿ ಸೈಟಿಸ್, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಅನುಮತಿಪತ್ರ ಇಲ್ಲದೆ ಅದರ ಯಾವ ಭಾಗವೂ ಅಂತರರಾಷ್ಟ್ರೀಯ ಗಡಿ ದಾಟುವಂತಿಲ್ಲ. ಜೊತೆಗೆ ಭಾರತದ ಕಸ್ಟಮ್ಸ್ ಮತ್ತು ವನ್ಯಜೀವಿ ಕಾನೂನು ಬೇರೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಪೆಂಡೆಂಟ್‌ಗಳ ಮೇಲೆ ನಡೆದ ಕ್ರಮ ನಿಮಗೆ ಗೊತ್ತೇ ಇದೆ. ಕೊರಳಲ್ಲಿರುವ ಉಗುರು ಯಾವ ಪ್ರಾಣಿಯದು, ಎಲ್ಲಿಯದು ಎಂದು ರುಜುವಾತು ಮಾಡುವ ಹೊಣೆ ನಿಮ್ಮ ಮನೆಯವರ ಮೇಲೆ ಬೀಳುತ್ತದೆ. ತೊಗಲನ್ನು ಮೊಂಟಾನಾದಲ್ಲೇ ಹದ ಮಾಡಿಸಿ ಅಮೆರಿಕದ ಮನೆಯಲ್ಲೇ ಇಟ್ಟುಕೊಳ್ಳಿ. ಹದ ಮಾಡುವವರಿಗೆ ಕೊಡುವವರೆಗೆ ಉಪ್ಪು ಹಚ್ಚಿ ಅಥವಾ ಫ್ರೀಜರ್‌ನಲ್ಲಿಡಿ. ಕೊಬ್ಬು ಉಳಿದ ಕಡೆ ಎರಡೇ ದಿನದಲ್ಲಿ ಕೂದಲು ಉದುರಲು ಶುರುವಾಗುತ್ತದೆ.